ರಕ್ತದ ಒತ್ತಡದ ಅಳತೆಯೂ ಆಯುಸ್ಸಿನ ಗಣನೆಯೂ

“ಅವರಿಗೆ ಬಿ. ಪಿ. ಇದೆ” ಎಂಬ ಮಾತು ಈಗ ನಮ್ಮ ನಾಡಿನಲ್ಲಿ ಮನೆಮನೆಯಲ್ಲಿಯೂ ಕೇಳಿಬರುವುದು. ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯದಲ್ಲಿ ದೋಷವಿಲ್ಲ. ಅರ್ಥವನ್ನು ವಿಚಾರಿಸಿದರೆ ಮಾತ್ರ ವಿಚಿತ್ರವಾಗಿ ತೋರುವುದು. ರಕ್ತದ ಒತ್ತಡವು ಬದುಕಿರುವ ಪ್ರತಿಯೊಬ್ಬನಲ್ಲಿಯೂ ಉಂಟು. ಅದು ಇಲ್ಲದವನು ಹೆಣವೇ ಸರಿ. ಹೀಗಿದ್ದರೂ ಎಲ್ಲರಲ್ಲಿಯೂ ಇರುವ ಒಂದು ಧರ್ಮದ ಹೆಸರು ಕೆಲವರಿಗೆ ಮಾತ್ರ ಅಂಟಿದ ಒಂದು ವ್ಯಾಧಿಯ ಹೆಸರಾಗಿ ನಿಂತಿದೆ. ಭಾಷಾಶಾಸ್ತ್ರಜ್ಞರು ಇದನ್ನು ಅರ್ಥಸಂಕೋಚವೆಂದು ಕರೆದು ಮುಂದೆ ಹೋಗಬಹುದು. ಆದರೆ ಈ ಸಂಕೋಚದ ಹಿಂದೆ ಸುಮಾರು ಮುನ್ನೂರು ವರ್ಷಗಳ ಚರಿತ್ರೆಯಿದೆ, ಅದು ವಿಚಾರಾರ್ಹವಾದುದು.

ಈ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ಬರೆಯುವುದೇ ವಾಡಿಕೆ. ಇಂಥವನು ಕೊಳವೆಯನ್ನು ಕಂಡುಹಿಡಿದನು, ಇಂಥವನು ತೋಳಪಟ್ಟಿಯನ್ನು ಕಂಡುಹಿಡಿದನು ಎಂದು ಹೇಳಿ ಮುಗಿಸಿಬಿಡುತ್ತಾರೆ. ಅಳತೆ ದೊರೆತ ದಿನವೇ ಅಳತೆಯ ಅರ್ಥವೂ ದೊರೆಯಿತೆಂಬ ಭಾವನೆ ಇದರಿಂದ ಉಂಟಾಗುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಕೊಳವೆಯಲ್ಲಿ ಏರಿ ನಿಂತ ಅಂಕಿಗೂ ಮನುಷ್ಯನ ಆಯುಸ್ಸಿಗೂ ಸಂಬಂಧವುಂಟೆಂಬುದು ನಿಶ್ಚಯವಾದುದು ಬಹುಕಾಲದ ಮೇಲೆ. ಅದನ್ನು ನಿಶ್ಚಯಪಡಿಸಿದವರಲ್ಲಿ ಮೊದಲಿಗರು ವೈದ್ಯಶಾಸ್ತ್ರದ ಆಚಾರ್ಯರಲ್ಲ, ಮರಣಗಳನ್ನು ಎಣಿಸುವ ಲೆಕ್ಕಿಗರು. ಆಚಾರ್ಯರು ಅದನ್ನು ಮನಸಾರೆ ಒಪ್ಪಿಕೊಳ್ಳಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಈ ವಿಳಂಬವು ಏಕೆ ಸಂಭವಿಸಿತು, ಅದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧

ನಾಡಿಯನ್ನು ಹಿಡಿದು ನೋಡುವುದು ನಮ್ಮ ದೇಶದಲ್ಲಿಯೂ ಚೀನಾ ದೇಶದಲ್ಲಿಯೂ ಗ್ರೀಕರಲ್ಲಿಯೂ ಹಳೆಯ ವಿದ್ಯೆ. ಗಡುಸಾದ ನಾಡಿ, ಮೃದುವಾದ ನಾಡಿ ಎಂಬ ಭೇದವು ಅನುಭವಶಾಲಿಗಳಾದ ವೈದ್ಯರೆಲ್ಲರಿಗೂ ತಿಳಿದಿತ್ತು. ಇಷ್ಟನ್ನೇ ಆಧಾರವಾಗಿಟ್ಟುಕೊಂಡು ನಮ್ಮ ಪೂರ್ವಿಕರಿಗೆ ರಕ್ತದ ಒತ್ತಡದ ಜ್ಞಾನವಿತ್ತೆಂದು ವಾದಿಸುವುದು ಯುಕ್ತವಲ್ಲ. ಬೆರಳು ಗುಣವನ್ನು ಹೇಳಬಲ್ಲದು, ಪ್ರಮಾಣವನ್ನು ಹೇಳಲಾರದು. ರಕ್ತವು ಹೃದಯದಿಂದ ಹೊರಟು ಧಮನಿಗಳ ಮೂಲಕ ಹರಿದು ಸಿರೆಗಳ ಮೂಲಕ ಹೃದಯಕ್ಕೇ ಹಿಂದಿರುಗುವುದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆಯು ೧೬೨೮ರಲ್ಲಿ ಪ್ರತಿಪಾದಿಸುವವರೆಗೆ ಒತ್ತಡವೆಂಬ ಕಲ್ಪನೆಗೇ ಸರಿಯಾದ ನೆಲೆಯಿರಲಿಲ್ಲ.

ಪ್ರಮಾಣವನ್ನು ಮೊದಲು ಕಂಡವನು ವೈದ್ಯನಲ್ಲ, ಪಾದ್ರಿ. ಲಂಡನ್ನಿನ ಸಮೀಪದ ಟೆಡಿಂಗ್ಟನ್ ಎಂಬ ಊರಿನ ಇಗರ್ಜಿಯಲ್ಲಿದ್ದ ಸ್ಟೀಫನ್ ಹೇಲ್ಸನು ಗಿಡಗಳಲ್ಲಿ ರಸವು ಎಷ್ಟು ಬಲದಿಂದ ಏರುವುದೆಂದು ಅಳೆದು ೧೭೨೭ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದನು. ಪ್ರಾಣಿಗಳ ರಕ್ತದ ವಿಷಯದಲ್ಲಿ ಅವನು ಮಾಡಿದ ಪ್ರಯೋಗಗಳು ೧೭೩೩ರ ಗ್ರಂಥದಲ್ಲಿವೆ. ಕೆಲಸಕ್ಕೆ ಬಾರದೆಂದು ಕೊಲ್ಲಬೇಕಾಗಿದ್ದ ಒಂದು ಹೆಣ್ಣುಕುದುರೆಯನ್ನು ಕೆಡವಿ, ಕಟ್ಟಿ, ಅದರ ತೊಡೆಯ ಧಮನಿಯೊಳಕ್ಕೆ ಹಿತ್ತಾಳೆಯ ಸಣ್ಣ ನಳಿಗೆಯನ್ನು ಸೇರಿಸಿ, ಅದಕ್ಕೆ ೯ ಅಡಿ ಉದ್ದದ ಗಾಜಿನ ಕೊಳವೆಯನ್ನು ನೆಟ್ಟಗೆ ಜೋಡಿಸಿದನು. ರಕ್ತವು ಹೃದಯದ ಎಡ ಕೋಣೆಯ ಮಟ್ಟದಿಂದ ೮ ಅಡಿ ೩ ಅಂಗುಲದವರೆಗೆ ಏರಿತು. ಹೃದಯದ ಒಂದೊಂದು ಬಡಿತಕ್ಕೂ ಕೆಲವು ಅಂಗುಲಗಳಷ್ಟು ಮೇಲೆ ಕೆಳಗೆ ಆಡುತ್ತಿತ್ತು.

ಈ ಎತ್ತರವನ್ನು ಈಗಿನ ಮಾನಕ್ಕೆ ಪರಿವರ್ತಿಸಿದರೆ ಪಾದರಸದ ೨೦೦ ಮಿಲ್ಲಿಮೀಟರಿಗೆ ತುಸು ಕಡಮೆಯಾಗುವುದು. ನೆಮ್ಮದಿಯಾಗಿ ನಿಂತಿರುವ ಕುದುರೆಯಲ್ಲಿ ಇಷ್ಟು ಒತ್ತಡವಿರುವುದಿಲ್ಲ. ಕಟ್ಟಿಗೆ ಸಿಕ್ಕಿ ಬೆದರಿದ ಪ್ರಾಣಿಯ ಭಯವೂ ನೋವೂ ಆ ಅಂಕಿಯೊಳಗೆ ಸೇರಿಕೊಂಡಿವೆ ಎಂದು ಊಹಿಸುವುದು ಸಹಜ. ರಕ್ತದ ಒತ್ತಡದ ಚರಿತ್ರೆಯಲ್ಲಿ ದೊರೆಯುವ ಮೊದಲನೆಯ ಅಂಕಿಯೇ ಅಳೆಯುವ ಕ್ರಿಯೆಯಿಂದ ಹೆಚ್ಚಿದ ಅಂಕಿ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಲೇಖನದ ಕೊನೆಯಲ್ಲಿ ಇದು ಮತ್ತೆ ಬರುವುದು.

ಮುಂದಿನ ನೂರು ವರ್ಷಗಳ ಯಂತ್ರಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೮೨೮ರಲ್ಲಿ ಫ್ರಾನ್ಸಿನ ಪ್ವಾಸೇಯನು ಒಂಬತ್ತು ಅಡಿಯ ಗಾಜಿಗೆ ಬದಲಾಗಿ ಪಾದರಸ ತುಂಬಿದ ಗಿಡ್ಡ ಕೊಳವೆಯನ್ನು ಬಳಸಿದನು. ಮಿಲ್ಲಿಮೀಟರುಗಳ ಲೆಕ್ಕ ಹುಟ್ಟಿದುದು ಅಲ್ಲಿಂದ. ೧೮೪೭ರಲ್ಲಿ ಜರ್ಮನಿಯ ಲುಡ್ವಿಗ್ಗನು ಒತ್ತಡದ ಏರಿಳಿತಗಳು ತಿರುಗುವ ಉರುಳೆಯ ಮೇಲೆ ತಾವಾಗಿಯೇ ಬರೆದುಕೊಳ್ಳುವಂತೆ ಮಾಡಿದನು. ಇವೆಲ್ಲಕ್ಕೂ ಧಮನಿಯನ್ನು ಕತ್ತರಿಸಬೇಕು. ಬದುಕಿರುವ ಮನುಷ್ಯನ ಮೇಲೆ ಇವನ್ನು ಪ್ರಯೋಗಿಸುವ ಹಾಗಿರಲಿಲ್ಲ. ಚರ್ಮದ ಮೇಲಿನಿಂದಲೇ ನಾಡಿಯ ಚಲನೆಯನ್ನು ರೇಖೆಯಾಗಿ ಬರೆಯುವ ನಾಡಿಲೇಖಕಯಂತ್ರವನ್ನು ೧೮೬೦ರಲ್ಲಿ ಫ್ರಾನ್ಸಿನ ಮರೇ ಎಂಬವನು ಒಂದು ಉಪಯುಕ್ತ ರೂಪಕ್ಕೆ ತಂದನು. ನಮ್ಮ ಕಥೆಯ ಮುಖ್ಯ ಪುರುಷನು ಕೈಗೆತ್ತಿಕೊಂಡುದು ಈ ಯಂತ್ರವನ್ನು.

೨

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯನು ೧೮೨೭ರಿಂದ ಮೂತ್ರಪಿಂಡಗಳ ರೋಗವೊಂದನ್ನು ವರ್ಣಿಸುತ್ತ ಬಂದಿದ್ದನು. ರೋಗಿಯ ಮೂತ್ರವನ್ನು ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಗರಣೆಗಟ್ಟುವ ಆಲ್ಬ್ಯುಮಿನ್ ಕಂಡುಬರುವುದು. ಸತ್ತ ಮೇಲೆ ಕೊಯ್ದು ನೋಡಿದರೆ ಮೂತ್ರಪಿಂಡಗಳು ಗಟ್ಟಿಯಾಗಿ ಕುಗ್ಗಿರುವುವು, ಹೃದಯವು ದಪ್ಪವಾಗಿ ಬೆಳೆದಿರುವುದು. ಮೂತ್ರಪಿಂಡವು ಕೆಟ್ಟುದರಿಂದ ರಕ್ತ ಕೆಟ್ಟಿತು, ರಕ್ತ ಕೆಟ್ಟುದರಿಂದ ಹೃದಯವು ಹೆಚ್ಚಾಗಿ ದುಡಿದು ಬೆಳೆಯಿತು ಎಂಬುದು ಅಂದಿನ ತರ್ಕ. ಈ ಅನುಕ್ರಮವನ್ನು ತಿರುವುಮುರುವು ಮಾಡಿದವನು ಅದೇ ಆಸ್ಪತ್ರೆಯ ತರುಣನೊಬ್ಬ. ಅವನ ಹೆಸರು ಫ್ರೆಡರಿಕ್ ಅಕ್ಬರ್ ಮಹಮದ್.

ಈ ಹೆಸರನ್ನು ಓದಿದ ಕೂಡಲೆ ವಾಚಕರಿಗೆ ಕುತೂಹಲ ಹುಟ್ಟುವುದು ನಿಶ್ಚಯ. ಇವನ ತಾತನಾದ ಶೇಖ್ ದೀನ್ ಮಹಮದನು ೧೭೫೯ರಲ್ಲಿ ಪಾಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೊಡನೆ ಅಲೆದು, ಐರ್ಲೆಂಡಿಗೆ ಹೋಗಿ ನೆಲಸಿ, ೧೭೯೪ರಲ್ಲಿ ತನ್ನ ಪ್ರವಾಸಕಥನವನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದನು. ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಪ್ರಕಟಿಸಿದ ಮೊದಲನೆಯ ಭಾರತೀಯನೆಂದು ಸಾಹಿತ್ಯಚರಿತ್ರೆಯಲ್ಲಿ ಇವನಿಗೆ ಸ್ಥಾನವುಂಟು. ೧೮೧೦ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ಥಾನಿ ಊಟದ ಕಾಫಿಮನೆಯೊಂದನ್ನು ತೆರೆದು ನಷ್ಟಪಟ್ಟನು. ಆಮೇಲೆ ಬ್ರೈಟನ್ ಎಂಬ ಕಡಲತೀರದ ಪಟ್ಟಣದಲ್ಲಿ ಹಬೆಸ್ನಾನ ಅಂಗಮರ್ದನಗಳ ಶಾಲೆಯನ್ನಿಟ್ಟು, ನಾಲ್ಕನೆಯ ಜಾರ್ಜ್ ದೊರೆಗೂ ನಾಲ್ಕನೆಯ ವಿಲಿಯಂ ದೊರೆಗೂ ಸೇವೆ ಸಲ್ಲಿಸಿ ಹೆಸರಾದನು. ಚಂಪಿ ಎಂಬ ನಮ್ಮ ದೇಶದ ಮಾತು ಶಾಂಪೂ ಆಗಿ ಇಂಗ್ಲಿಷಿನಲ್ಲಿ ಬಳಕೆಗೊಂಡುದರಲ್ಲಿ ಇವನ ಪಾಲೂ ಉಂಟು. ಮನುಷ್ಯರ ಮೈಕೈಗಳನ್ನು ಬೆರಳಿನಿಂದ ಬಲ್ಲವನಾಗಿದ್ದವನ ಮೊಮ್ಮಗನು ಬೆರಳನ್ನು ನಂಬದೆ ಯಂತ್ರವನ್ನು ಹಿಡಿದನು.

ಮೊಮ್ಮಗನು ಹುಟ್ಟಿದುದು ೧೮೪೯ರಲ್ಲಿ, ಬ್ರೈಟನ್ನಿನಲ್ಲಿಯೇ. ೧೮೭೨ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಮರೇಯ ಯಂತ್ರವನ್ನು ತಿದ್ದಿ, ನಾಡಿಯ ಮೇಲೆ ಎಷ್ಟು ಭಾರವನ್ನು ಹೇರಿದರೆ ಅದರ ಚಲನೆ ಚೆನ್ನಾಗಿ ಮೂಡುವುದೆಂಬುದನ್ನು ತೂಕದಲ್ಲಿ ಹೇಳಲು ಬರುವಂತೆ ಮಾಡಿದನು. ಅನಂತರ ಯಂತ್ರವನ್ನು ಹಿಡಿದು ವಾರ್ಡುಗಳಲ್ಲಿ ಓಡಾಡಿದನು. ೧೮೭೪ರಲ್ಲಿ ಪ್ರಕಟವಾದ ಅವನ ಪ್ರಬಂಧದ ಸಾರಾಂಶವಿಷ್ಟು: ಸ್ಕಾರ್ಲೆಟ್ ಜ್ವರದ ರೋಗಿಗಳ ಮೂತ್ರದಲ್ಲಿ ಆಲ್ಬ್ಯುಮಿನ್ ಕಾಣಿಸಿಕೊಳ್ಳುವುದಕ್ಕೆ ಮೊದಲೇ ಧಮನಿಗಳಲ್ಲಿ ಒತ್ತಡವು ಏರಿರುತ್ತದೆ. ಎಂದರೆ ಒತ್ತಡವು ಮೂತ್ರಪಿಂಡರೋಗದ ಫಲವಲ್ಲ, ಅದಕ್ಕಿಂತ ಮುಂಚಿನದು. ಮುಂದಿನ ಏಳೆಂಟು ವರ್ಷಗಳಲ್ಲಿ ಅವನು ಇನ್ನೂ ದೂರ ಹೋದನು. ಯಾವ ರೋಗವೂ ಇಲ್ಲದೆ ತಮ್ಮ ಪಾಡಿಗೆ ತಾವು ಓಡಾಡಿಕೊಂಡಿರುವ ಜನರಲ್ಲಿಯೂ ಕೆಲವರ ಧಮನಿಗಳು ಸದಾ ಬಿಗಿದಿರುತ್ತವೆ. ಅವರಿಗೆ ಬಹುಕಾಲ ಏನೂ ತೋರದು. ವಯಸ್ಸಾದಂತೆಲ್ಲ ಹೃದಯ, ಮೆದುಳು, ಮೂತ್ರಪಿಂಡ, ಇವುಗಳಲ್ಲೊಂದು ಸೋಲುವುದು ಎಂದು ಅವನು ಬರೆದನು. ಮೂತ್ರಪಿಂಡಗಳು ನಿರ್ದುಷ್ಟವಾಗಿದ್ದೂ ಹೃದಯ ಬೆಳೆದು ಧಮನಿಗಳು ದಪ್ಪವಾಗಿದ್ದ ಶವಗಳನ್ನು ಸಾಕ್ಷಿಯಾಗಿ ಕೊಟ್ಟನು. ನಾವು ಇಂದು “ಬಿ. ಪಿ.” ಎಂದು ಕರೆಯುವ ಸ್ಥಿತಿಯನ್ನು ರೋಗದ ಲಕ್ಷಣವೆಂದಲ್ಲದೆ ಸ್ವತಂತ್ರವಾದ ಅಪಾಯವೆಂದು ಕಂಡವರಲ್ಲಿ ಇವನೇ ಮೊದಲಿಗನೆಂದು ಹೇಳಲು ಅಡ್ಡಿಯಿಲ್ಲ.

ಮಹಮದನು ೧೮೮೪ರಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡನು. ಆಗ ಅವನಿಗೆ ಮೂವತ್ತೈದು ವರ್ಷ. ಅವನ ಮತವು ಬೇರೆಯವರ ಹೆಸರಿನಲ್ಲಿ ಬೆಳೆಯಿತು. ಕೇಂಬ್ರಿಜ್ಜಿನ ಆಲ್‌ಬಟ್ಟನು ೧೮೯೫ರ ಸುಮಾರಿನಲ್ಲಿ ಅದೇ ಸ್ಥಿತಿಗೆ ಗ್ರೀಕ್ ಮಾತಿನಿಂದ ಹೊಸ ಹೆಸರು ಕಟ್ಟಿದಾಗ ಅದು ಹೊಸ ವಿಚಾರವೆಂದೇ ಹಲವರು ತಿಳಿದರು. ಅಲ್ಪಾಯುಷಿಯ ಕೃತಿಯನ್ನು ದೀರ್ಘಾಯುಷಿಗಳು ಅನುಭವಿಸುವುದು ಸಾಹಿತ್ಯದಲ್ಲಿಯೂ ಅಪೂರ್ವವಲ್ಲ. ಆದರೆ ಮರೆವಿಗೆ ಇನ್ನೊಂದು ಕಾರಣವನ್ನೂ ಒಪ್ಪಬೇಕು. ಅವನ ಯಂತ್ರವನ್ನು ಅವನಂತೆ ಬಳಸಬಲ್ಲವರು ವಿರಳವಾಗಿದ್ದರು. ಎಲ್ಲರ ಕೈಗೂ ಒಂದೇ ಉತ್ತರವನ್ನು ಕೊಡದ ಅಳತೆಯಿಂದ ಶಾಸ್ತ್ರವು ಬೆಳೆಯಲಾರದು.

೩

ಎಲ್ಲರ ಕೈಗೂ ಒಗ್ಗುವ ಅಳತೆಯನ್ನು ಕೊಟ್ಟವರು ಇಬ್ಬರು. ಇಟಲಿಯ ಟುರಿನ್ ನಗರದಲ್ಲಿದ್ದ ರೀವಾ ರೊಚ್ಚಿಯು ೧೮೯೬ರಲ್ಲಿ, ಸೈಕಲ್ಲಿನ ರಬ್ಬರ್ ಕೊಳವೆ, ಮಸಿಕುಡಿಕೆ ಮುಂತಾದ ಬಡ ಸಾಮಗ್ರಿಗಳಿಂದಲೇ, ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿಯನ್ನೂ ಅದಕ್ಕೆ ಸೇರಿದ ಪಾದರಸದ ಕಂಬವನ್ನೂ ರಚಿಸಿದನು. ಪಟ್ಟಿ ಬಿಗಿದಂತೆ ಮಣಿಕಟ್ಟಿನ ನಾಡಿ ಎಲ್ಲಿ ಅಡಗುವುದೋ ಅದೇ ಒತ್ತಡ. ಇದರಿಂದ ಹೃದಯವು ಸಂಕೋಚಗೊಂಡಾಗಿನ ಮೇಲಿನ ಅಂಕಿ ಮಾತ್ರ ದೊರೆಯುತ್ತಿತ್ತು. ೧೯೦೫ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಸೈನಿಕ ವೈದ್ಯಶಾಲೆಯ ಶಸ್ತ್ರವೈದ್ಯನಾದ ಕೊರೊಟ್ಕೋವನು ಮಣಿಕಟ್ಟನ್ನು ಬಿಟ್ಟು, ಪಟ್ಟಿಯ ಕೆಳಗೆ ಮೊಣಕೈ ಸಂದಿನಲ್ಲಿ ಕೇಳುಗೊಳವೆಯನ್ನಿಟ್ಟು ಆಲಿಸಿದನು. ಗಾಳಿ ಇಳಿಯುತ್ತಿದ್ದಂತೆ ಟಪ್ ಟಪ್ ಎಂಬ ಶಬ್ದ ಮೊದಲಾಗುವ ಅಂಕಿ ಮೇಲಿನದು. ಶಬ್ದವು ಅಡಗುವ ಅಂಕಿ ಕೆಳಗಿನದು, ಎಂದರೆ ಹೃದಯವು ವಿರಮಿಸಿದಾಗಿನದು. ಈ ಸಂಶೋಧನೆಯನ್ನು ಅವನು ತಿಳಿಸಿದ ವರದಿ ಒಂದು ಪುಟದಷ್ಟೂ ಇಲ್ಲ. ನಮ್ಮ ಸಂಶೋಧನ ಪ್ರಬಂಧಗಳ ಗಾತ್ರವನ್ನು ಕಂಡವರಿಗೆ ಇದು ಸೋಜಿಗವಾಗಬಹುದು.

ಅಳತೆ ಕೈಗೆ ಬಂದಿತು. ಅದನ್ನು ಏನು ಮಾಡಬೇಕೆಂಬುದು ವೈದ್ಯರಿಗೆ ತಿಳಿಯಲಿಲ್ಲ. ಪಳಗಿದ ಬೆರಳು ಹೇಳದೆ ಇರುವುದನ್ನು ರಬ್ಬರ್ ಚೀಲವು ಹೇಳುವುದುಂಟೆ ಎಂದು ಹಿರಿಯ ವೈದ್ಯರು ಅನೇಕರು ಹಾಸ್ಯಮಾಡಿದರು. ಅವರ ಸಂದೇಹಕ್ಕೆ ಕಾರಣವಿಲ್ಲದಿರಲಿಲ್ಲ. ವೈದ್ಯನು ನೋಡುವುದು ರೋಗಿಗಳನ್ನು. ಅವನ ಬಳಿಗೆ ಬರುವಷ್ಟರಲ್ಲಿ ಒತ್ತಡ ಹೆಚ್ಚಾದವನಿಗೆ ಉಬ್ಬಸವೋ ಪಾರ್ಶ್ವವಾಯುವೋ ಬಂದಿರುತ್ತದೆ. ರೋಗದಿಂದ ಒತ್ತಡವೋ ಒತ್ತಡದಿಂದ ರೋಗವೋ ಎಂದು ನಿರ್ಣಯಿಸುವುದು ಅವನಿಗೆ ಸಾಧ್ಯವಿಲ್ಲ. ಒತ್ತಡ ಹೆಚ್ಚಿದ್ದೂ ಸುಖವಾಗಿರುವವನನ್ನು ಅವನು ನೋಡುವುದೇ ಇಲ್ಲ. ಮಹಮದನ ಸಿದ್ಧಾಂತವನ್ನು ಪರೀಕ್ಷಿಸಬೇಕಾದರೆ ಆರೋಗ್ಯವಂತರನ್ನು ಸಾವಿರಗಟ್ಟಲೆ ಅಳೆದು, ಹೆಸರು ಬರೆದುಕೊಂಡು, ಅವರಲ್ಲಿ ಯಾರು ಎಂದು ಸಾಯುವರೆಂದು ಕಾಯುತ್ತ ಕೂಡಬೇಕು. ಇಂಥ ಕೆಲಸಕ್ಕೆ ಯಾವ ವೈದ್ಯನಿಗೆ ಅವಕಾಶವುಂಟು?

ಅವಕಾಶವೂ ಅಗತ್ಯವೂ ಇದ್ದುದು ಜೀವವಿಮೆಯ ಸಂಸ್ಥೆಗಳಿಗೆ. ವಿಮೆಗೆ ಅರ್ಜಿ ಕೊಡುವವನು ರೋಗಿಯಲ್ಲ. ತಾನು ದೃಢಕಾಯನೆಂದು ಹೇಳಿಕೊಂಡೇ ಬರುವವನು. ಅವನು ಬೇಗ ಸತ್ತರೆ ಸಂಸ್ಥೆಗೆ ನಷ್ಟ. ಅವನು ಸತ್ತ ದಿನ ಸಂಸ್ಥೆಗೆ ತಪ್ಪದೆ ತಿಳಿಯುವುದು, ಏಕೆಂದರೆ ಹಣ ಕೇಳಲು ಯಾರಾದರೂ ಬಂದೇ ಬರುತ್ತಾರೆ. ಅಮೆರಿಕದ ಮಿಲ್ವಾಕೀ ನಗರದ ನಾರ್ತ್‌ವೆಸ್ಟರ್ನ್ ಮ್ಯೂಚುಅಲ್ ಎಂಬ ಸಂಸ್ಥೆಯ ವೈದ್ಯಾಧಿಕಾರಿಯಾಗಿದ್ದ ಫಿಷರನು ೧೯೦೭ರ ಸುಮಾರಿನಿಂದ ಅರ್ಜಿದಾರರ ರಕ್ತದ ಒತ್ತಡವನ್ನು ಅಳೆದು ಕಳುಹಿಸಬೇಕೆಂದು ಪರೀಕ್ಷಕರಿಗೆ ವಿಧಿಸಿದನು. ಕೆಲವೇ ವರ್ಷಗಳಲ್ಲಿ ಉತ್ತರ ಸಿಕ್ಕಿತು. ಬೇರೆ ಎಲ್ಲ ವಿಷಯಗಳಲ್ಲಿಯೂ ನಿರೋಗಿಗಳಾಗಿ ತೋರಿದವರಲ್ಲಿ ಒತ್ತಡ ಹೆಚ್ಚಿದ್ದವರು ಇತರರಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಸತ್ತಿದ್ದರು. ೧೯೧೪ರ ಹೊತ್ತಿಗೆ ಅವನು ಇದನ್ನು ವೈದ್ಯರ ಮುಂದೆಯೇ ಇಟ್ಟನು.

ಸಂಸ್ಥೆಗಳು ಕೂಡಿ ೧೯೨೫ರಲ್ಲಿಯೂ ೧೯೩೯ರಲ್ಲಿಯೂ ೧೯೫೯ರಲ್ಲಿಯೂ ಲಕ್ಷಾಂತರ ವಿಮಾಪತ್ರಗಳ ಲೆಕ್ಕವನ್ನು ಪ್ರಕಟಿಸಿದವು. ಮೆಟ್ರೊಪಾಲಿಟನ್ ಸಂಸ್ಥೆಯವರು ೧೯೬೧ರಲ್ಲಿ ಈ ಬಗೆಯ ಲೆಕ್ಕದಿಂದ ಎತ್ತಿ ತೋರಿಸಿದ ಒಂದು ಉದಾಹರಣೆಯನ್ನು ಕೊಡುವೆನು. ೩೫ ವರ್ಷ ವಯಸ್ಸಿನ ಗಂಡಸಿನ ಒತ್ತಡವು ೧೨೦/೮೦ ಆಗಿದ್ದರೆ ಅವನು ಇನ್ನು ೪೧½ ವರ್ಷ ಬದುಕುವನೆಂದು ನಿರೀಕ್ಷಿಸಬಹುದು. ೧೩೦/೯೦ ಆಗಿದ್ದರೆ ಇದರಲ್ಲಿ ೪ ವರ್ಷ ಕಡಮೆ. ೧೪೦/೯೫ ಆಗಿದ್ದರೆ ೯ ವರ್ಷ ಕಡಮೆ. ೧೫೦/೧೦೦ ಆಗಿದ್ದರೆ ೧೬½ ವರ್ಷ ಕಡಮೆ. ವಿಮೆ ಮಾಡಿಸುತ್ತಿದ್ದವರು ಬಹುಮಟ್ಟಿಗೆ ಅನುಕೂಲಸ್ಥರಾದ ಅಮೆರಿಕದ ಬಿಳಿಯರಾದುದರಿಂದ ಈ ಅಂಕಿಗಳನ್ನು ಎಲ್ಲ ಜನಕ್ಕೂ ಹಾಗೆಯೇ ಅನ್ವಯಿಸಬಾರದೆಂಬುದು ನಿಜ. ಆದರೆ ಅಂಕಿಗಳು ಒಂದೇ ದಿಕ್ಕಿಗೆ ಕೈತೋರುತ್ತಿದ್ದುವೆಂಬುದರಲ್ಲಿ ಸಂಶಯವಿಲ್ಲ. ವಾಣಿಜ್ಯದ ಲೋಭದಿಂದ ಹುಟ್ಟಿದ ಲೆಕ್ಕವು ಶಾಸ್ತ್ರದ ಔದಾಸೀನ್ಯಕ್ಕಿಂತ ಸತ್ಯಕ್ಕೆ ಸಮೀಪವಾಗಿತ್ತು.

೪

ಆಚಾರ್ಯರು ಏಕೆ ಒಪ್ಪಲಿಲ್ಲ? ಒಂದು ಶಬ್ದವೂ ಇಲ್ಲಿ ಸ್ವಲ್ಪ ಕೇಡು ಮಾಡಿದೆ. ಸಾಹಿತ್ಯಾಭ್ಯಾಸಿಗಳಿಗೆ ಇದು ವಿನೋದಕರವಾಗಬಹುದು. ೧೯೧೧ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ವೈದ್ಯನು ಮೂತ್ರಪಿಂಡರೋಗವಿಲ್ಲದ ಅಧಿಕ ಒತ್ತಡಕ್ಕೆ ‘ಎಸೆನ್ಷಿಯೆಲ್’ ಎಂಬ ವಿಶೇಷಣವನ್ನು ಇಟ್ಟನು. ಬೇರೊಂದು ರೋಗದಿಂದ ಬಾರದೆ ತಾನೇ ತಾನಾಗಿ ಇರುವಂಥದು ಎಂಬುದು ಅವನ ಅಭಿಪ್ರಾಯ. ಅದೇ ಶಬ್ದಕ್ಕೆ ಇಂಗ್ಲಿಷಿನಲ್ಲಿ ‘ಅವಶ್ಯಕ’ ಎಂಬ ಅರ್ಥವೂ ಉಂಟು. ಸವೆದು ಕಿರಿದಾದ ಧಮನಿಗಳ ಮೂಲಕ ಮೆದುಳಿಗೂ ಮೂತ್ರಪಿಂಡಗಳಿಗೂ ರಕ್ತವು ಮುಟ್ಟಬೇಕಾದರೆ ಹೆಚ್ಚಿನ ಒತ್ತಡ ಅವಶ್ಯಕ, ಅದು ದೇಹವು ತಾನೇ ಮಾಡಿಕೊಂಡ ಪರಿಹಾರ, ಅದನ್ನು ಇಳಿಸಿದರೆ ಕೆಡಕು ಎಂಬ ಭಾವನೆಯು ಮೊದಲೇ ಇದ್ದಿತು. ಶಬ್ದವು ಅದಕ್ಕೆ ಊರುಗೋಲಾಯಿತು. ಅಮೆರಿಕದ ಪ್ರಸಿದ್ಧ ಹೃದ್ರೋಗತಜ್ಞ ಪಾಲ್ ಡಡ್ಲಿ ವೈಟರು ೧೯೩೧ರ ತಮ್ಮ ಪಠ್ಯಗ್ರಂಥದಲ್ಲಿ ಈ ಪರಿಹಾರವಾದವನ್ನು ಮನ್ನಿಸಿ, ಇಳಿಸುವುದು ಸಾಧ್ಯವಾದರೂ ಕೈಹಾಕಬಾರದೇನೋ ಎಂಬರ್ಥದ ಮಾತನ್ನು ಬರೆದರು. ಅದೇ ವರ್ಷ ಇಂಗ್ಲೆಂಡಿನ ಜಾನ್ ಹೇ ಎಂಬವರು, ಒತ್ತಡ ಹೆಚ್ಚಿದವನಿಗೆ ದೊಡ್ಡ ಅಪಾಯವೆಂದರೆ ಅದು ಪತ್ತೆಯಾಗುವುದೇ, ಏಕೆಂದರೆ ಯಾವನಾದರೂ ಮೂರ್ಖನು ಇಳಿಸಲು ಹೊರಡುವನು ಎಂಬ ಭಾವದ ಕುಚೋದ್ಯವನ್ನು ಉಪನ್ಯಾಸದಲ್ಲಿ ಆಡಿದರು. ಇವರನ್ನು ಅವಿವೇಕಿಗಳೆಂದು ನಾವು ನಗುವುದು ಸುಲಭ. ಆಗ ಒತ್ತಡವನ್ನು ಕ್ಷೇಮವಾಗಿ ಇಳಿಸುವ ಔಷಧ ಒಂದೂ ಇರಲಿಲ್ಲವೆಂಬುದನ್ನು ಮರೆಯಬಾರದು. ಕೈಯಲ್ಲಿ ಮದ್ದಿಲ್ಲದವನಿಗೆ ಈ ತತ್ತ್ವವು ಸಮಾಧಾನಕರವಾಗಿಯೂ ಇತ್ತು.

ಹೀಗೆಂದು ಸಾಕ್ಷ್ಯಗಳು ಸುಮ್ಮನಿರಲಿಲ್ಲ. ೧೯೩೯ರಲ್ಲಿ ಅಮೆರಿಕದ ಮೇಯೋ ವೈದ್ಯಾಲಯದ ಕೀತ್, ವ್ಯಾಗನರ್, ಬಾರ್ಕರ್ ಎಂಬ ಮೂವರು ರೋಗಿಗಳ ಕಣ್ಣಿನ ಹಿಂದೆರೆಯ ರಕ್ತನಾಳಗಳನ್ನು ನೋಡಿ ಅಧಿಕ ಒತ್ತಡದವರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದರು. ಕಟ್ಟಕಡೆಯ ವರ್ಗದವರಲ್ಲಿ ಒಂದು ವರ್ಷ ಬದುಕಿ ಉಳಿದವರು ನೂರಕ್ಕೆ ೨೧. ಐದು ವರ್ಷ ಉಳಿದವರು ನೂರಕ್ಕೆ ಒಬ್ಬರು.

ತತ್ತ್ವದ ಬೆಲೆ ಎಷ್ಟೆಂಬುದನ್ನು ಲೋಕಕ್ಕೆಲ್ಲ ಕಾಣುವಂತೆ ತೋರಿಸಿದುದು ಒಬ್ಬ ರಾಷ್ಟ್ರಾಧ್ಯಕ್ಷರ ದೇಹ. ಅಮೆರಿಕದ ಫ್ರಾಂಕ್ಲಿನ್ ರೂಸ್‌ವೆಲ್ಟರ ರಕ್ತದ ಒತ್ತಡವು ೧೯೩೫ರಲ್ಲಿ ೧೩೬/೭೮ ಇತ್ತು, ೧೯೩೭ರಲ್ಲಿ ೧೬೨/೯೮, ೧೯೪೧ರಲ್ಲಿ ೧೮೮/೧೦೫. ಅವರ ಖಾಸಗಿ ವೈದ್ಯರಾಗಿದ್ದ ಮೆಕಿಂಟೈರರು ಕಿವಿ ಮೂಗು ಗಂಟಲುಗಳ ತಜ್ಞರು; ಅಧ್ಯಕ್ಷರ ಆರೋಗ್ಯವು ವಯಸ್ಸಿಗೆ ತಕ್ಕಂತೆ ಉತ್ತಮವಾಗಿದೆಯೆಂದು ಪತ್ರಿಕೆಗಳಿಗೆ ಹೇಳುತ್ತ ಬಂದರು. ೧೯೪೪ರ ಮಾರ್ಚಿಯಲ್ಲಿ ಹೃದ್ರೋಗವನ್ನು ಬಲ್ಲ ಹೊವರ್ಡ್ ಬ್ರೂನ್ ಎಂಬ ತರುಣ ನೌಕಾದಳದ ವೈದ್ಯರು ಪರೀಕ್ಷಿಸಿದಾಗ ಒತ್ತಡವು ೧೮೬/೧೦೮, ಹೃದಯವು ಹಿಗ್ಗಿ ಸೋಲುತ್ತಿತ್ತು. ಡಿಜಿಟಾಲಿಸ್, ಉಪ್ಪು ಕಡಮೆಯಾದ ಆಹಾರ, ವಿಶ್ರಾಂತಿ, ಇವಿಷ್ಟೇ ಆಗ ಸಾಧ್ಯವಾಗಿದ್ದ ಚಿಕಿತ್ಸೆ. ಆ ವರ್ಷದ ಕೊನೆಯಲ್ಲಿ ಅವರು ನಾಲ್ಕನೆಯ ಸಲ ಅಧ್ಯಕ್ಷರಾಗಿ ಆಯ್ಕೆಗೊಂಡರು. ೧೯೪೫ರ ಫೆಬ್ರವರಿಯಲ್ಲಿ, ಯುದ್ಧಾನಂತರದ ಯೂರೋಪನ್ನು ಹಂಚುವ ಯಾಲ್ಟಾ ಸಮ್ಮೇಳನದ ಕಾಲಕ್ಕೆ, ಅಂಕಿಯು ೨೬೦/೧೫೦ಕ್ಕೆ ಏರಿತ್ತು. ಏಪ್ರಿಲ್ ೧೨ರಂದು ತಲೆಯ ಹಿಂಭಾಗದಲ್ಲಿ ವಿಪರೀತ ನೋವೆಂದು ಹೇಳಿ ಕುಸಿದರು. ಆಗ ಬ್ರೂನರು ಅಳೆದುದು ೩೦೦/೧೯೦. ಮೆದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ತೀರಿಕೊಂಡರು, ವಯಸ್ಸು ೬೩. ಇದು ಅನಿರೀಕ್ಷಿತವಾದ ಮರಣವೆಂದು ಜನರಿಗೆ ಹೇಳಲಾಯಿತು. ಬ್ರೂನರ ದಾಖಲೆಗಳು ಪ್ರಕಟವಾದುದು ೧೯೭೦ರಲ್ಲಿ. ಆ ಅಂಕಿಗಳನ್ನು ಸಾಲಾಗಿ ಓದಿದವರಿಗೆ ಆ ಮರಣದಲ್ಲಿ ಅನಿರೀಕ್ಷಿತವಾದುದು ಏನೂ ಕಾಣದು. ವಿಮೆಯ ಒಬ್ಬ ಸಾಮಾನ್ಯ ಗುಮಾಸ್ತನು ೧೯೩೭ರ ಅಂಕಿಯನ್ನು ಕಂಡೇ ಅರ್ಜಿಯನ್ನು ಬದಿಗಿಡುತ್ತಿದ್ದನು.

ಅಮೆರಿಕದ ಸರ್ಕಾರವು ೧೯೪೮ರಲ್ಲಿ ಹೃದ್ರೋಗಗಳ ಸಂಶೋಧನೆಗಾಗಿ ಕಾಯಿದೆ ಮಾಡಿತು. ಅದೇ ವರ್ಷ ಮ್ಯಾಸಚೂಸೆಟ್ಸಿನ ಫ್ರೇಮಿಂಗ್‌ಹ್ಯಾಂ ಎಂಬ ಪಟ್ಟಣದಲ್ಲಿ ೫,೨೦೯ ಜನ ಗಂಡಸರು ಹೆಂಗಸರನ್ನು ಹೆಸರು ಬರೆದುಕೊಂಡು ಎರಡೆರಡು ವರ್ಷಕ್ಕೊಮ್ಮೆ ಪರೀಕ್ಷಿಸುವ ಕಾರ್ಯ ಮೊದಲಾಯಿತು. ವಿಮಾ ಸಂಸ್ಥೆಗಳ ವಿಧಾನವೇ ಇಲ್ಲಿ ಲಾಭದ ದೃಷ್ಟಿಯನ್ನು ಬಿಟ್ಟು ಬಂದಿತೆನ್ನಬಹುದು. ಮುಪ್ಪಿನಲ್ಲಿ ಮೇಲಿನ ಅಂಕಿ ಏರುವುದು ಸಹಜ, ನಿರಪಾಯ ಎಂದಿದ್ದ ನಂಬಿಕೆಯನ್ನು ಮುರಿದುದು ಈ ಪಟ್ಟಣದ ಜನರ ಮರಣಗಳೇ. ಎಷ್ಟು ಒತ್ತಡದಿಂದ ರೋಗವೆನ್ನಬೇಕೆಂಬ ವಿಷಯದಲ್ಲಿ ಇಂಗ್ಲೆಂಡಿನ ಪ್ಲಾಟ್, ಪಿಕರಿಂಗ್ ಎಂಬ ಇಬ್ಬರು ಪಂಡಿತರಿಗೆ ದೀರ್ಘಕಾಲ ವಾದ ನಡೆಯಿತು. ಅಧಿಕ ಒತ್ತಡದವರು ಬೇರೆಯೇ ಒಂದು ಜಾತಿ ಎಂದು ಪ್ಲಾಟರು. ಗೆರೆ ಎಂಬುದೇ ಇಲ್ಲ, ಉದ್ದ ಗಿಡ್ಡ ಜನರಿರುವಂತೆ ಒತ್ತಡವೂ ಒಂದೇ ಇಳಿಜಾರಿನಲ್ಲಿ ಹರಡಿದೆ ಎಂದು ಪಿಕರಿಂಗರು. ಹತ್ತು ಲಕ್ಷ ಜನರ ದಾಖಲೆಗಳನ್ನು ಕೂಡಿಸಿ ೨೦೦೨ರಲ್ಲಿ ಪ್ರಕಟವಾದ ಗಣನೆಯು ಪಿಕರಿಂಗರ ಪಕ್ಷಕ್ಕೇ ಒಲಿಯಿತು: ೧೧೫/೭೫ರಿಂದ ಮೇಲಕ್ಕೆ, ೪೦ರಿಂದ ೬೯ ವರ್ಷದವರಲ್ಲಿ, ಮೇಲಿನ ಅಂಕಿಯು ೨೦ರಷ್ಟು ಏರಿದಾಗಲೆಲ್ಲ ಹೃದಯ ಮೆದುಳುಗಳ ರಕ್ತನಾಳದ ರೋಗಗಳಿಂದ ಸಾಯುವ ಸಂಭವವು ಇಮ್ಮಡಿಯಾಗುತ್ತ ಹೋಗುವುದು.

೫

ಹೆಚ್ಚಿನ ಒತ್ತಡದಿಂದ ಸಾವು ಹತ್ತಿರವಾಗುವುದೆಂಬುದು ಒಂದು. ಒತ್ತಡವನ್ನು ಇಳಿಸಿದರೆ ಸಾವು ದೂರವಾಗುವುದೆಂಬುದು ಇನ್ನೊಂದು. ಮೊದಲನೆಯದರಿಂದ ಎರಡನೆಯದು ತಾನಾಗಿ ಸಿದ್ಧಿಸುವುದಿಲ್ಲ. ಇದಕ್ಕೆ ಮದ್ದು ಬೇಕಾಯಿತು. ಆ ಮದ್ದಿನ ಕಥೆಯಲ್ಲಿ ನಮ್ಮ ದೇಶವು ಮತ್ತೊಮ್ಮೆ ಕಾಣಿಸಿಕೊಳ್ಳುವುದು. ಸರ್ಪಗಂಧದ ಬೇರು ಬಿಹಾರದ ಕಡೆ ಹುಚ್ಚಿನ ಮದ್ದೆಂದು ಬಳಕೆಯಲ್ಲಿತ್ತು. ಈ ಗಿಡವು ನಮ್ಮ ಮಲೆನಾಡಿನ ಕಾಡುಗಳಲ್ಲಿಯೂ ಉಂಟು. ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬವರು ೧೯೩೧ರಲ್ಲಿ ಅದು ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ಬರೆದರು. ಅದೇ ಕಾಲಕ್ಕೆ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಅದರ ಸಾರಗಳನ್ನು ಬೇರ್ಪಡಿಸುತ್ತಿದ್ದರು. ಹೊರಗಿನವರು ಗಮನಿಸಿದುದು ಮುಂಬಯಿಯ ರುಸ್ತುಂ ಜಾಲ್ ವಕೀಲರು ೫೦ ಮಂದಿ ರೋಗಿಗಳ ಮೇಲೆ ಮಾಡಿದ ಪರೀಕ್ಷೆಯನ್ನು ೧೯೪೯ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ. ೧೯೫೨ರಲ್ಲಿ ಸ್ವಿಟ್ಸರ್ಲೆಂಡಿನ ರಸಾಯನಜ್ಞರು ಬೇರಿನಿಂದ ರಿಸರ್ಪೀನ್ ಎಂಬ ಸಾರವನ್ನು ತೆಗೆದರು.

ಅಮೆರಿಕದ ಎಡ್ವರ್ಡ್ ಫ್ರೀಸರು ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಕೊಟ್ಟ ಮೂರು ಮದ್ದುಗಳಲ್ಲಿ ರಿಸರ್ಪೀನ್ ಒಂದು. ಕೆಳಗಿನ ಅಂಕಿ ೧೧೫ರಿಂದ ೧೨೯ರವರೆಗೆ ಇದ್ದ ೧೪೩ ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪುಮಾಡಿ, ೭೩ ಮಂದಿಗೆ ಮದ್ದನ್ನೂ ೭೦ ಮಂದಿಗೆ ಮದ್ದಿನಂತೆ ತೋರುವ ಬರಿಯ ಗುಳಿಗೆಯನ್ನೂ ಕೊಟ್ಟರು. ೧೯೬೭ರಲ್ಲಿ ಫಲವು ಪ್ರಕಟವಾಯಿತು. ಬರಿಯ ಗುಳಿಗೆ ತಿಂದವರಲ್ಲಿ ೨೭ ಮಂದಿಗೆ ಭಾರಿಯ ಆಪತ್ತು ಒದಗಿತ್ತು, ೪ ಮಂದಿ ಸತ್ತಿದ್ದರು. ಮದ್ದು ತಿಂದವರಲ್ಲಿ ಆಪತ್ತು ಇಬ್ಬರಿಗೆ, ಸಾವು ಇಲ್ಲ. ‘ಅವಶ್ಯಕ’ವೆಂಬ ವಾದವು ಇಲ್ಲಿಗೆ ಮುಗಿಯಿತು. ಮಹಮದನು ಸತ್ತು ಆಗಲೇ ೮೩ ವರ್ಷಗಳಾಗಿದ್ದುವು. ರಿಸರ್ಪೀನ್ ಕೆಲವರಲ್ಲಿ ಮನಸ್ಸನ್ನು ಕುಗ್ಗಿಸುವುದೆಂದು ಕಂಡುದರಿಂದ ಮುಂದೆ ಅದರ ಬಳಕೆ ಇಳಿಯಿತು; ಬೇರೆ ಮದ್ದುಗಳು ಬಂದುವು. ೨೦೧೫ರಲ್ಲಿ ಅಮೆರಿಕದಲ್ಲಿ ೯,೩೬೧ ಜನರ ಮೇಲೆ ನಡೆದ ಪರೀಕ್ಷೆಯೊಂದು ಮೇಲಿನ ಅಂಕಿಯನ್ನು ೧೪೦ರ ಬದಲು ೧೨೦ಕ್ಕಿಂತ ಕೆಳಗೆ ತರಲು ಯತ್ನಿಸಿದರೆ ಸಾವುಗಳು ನೂರಕ್ಕೆ ೨೭ರಷ್ಟು ಕಡಮೆಯಾಗುವುವೆಂದು ಹೇಳಿತು. ಆ ಪರೀಕ್ಷೆಯಲ್ಲಿ ಅನೇಕರ ಒತ್ತಡವನ್ನು ಅಳೆದುದು ಕೋಣೆಯಲ್ಲಿ ಒಬ್ಬರೇ ಕುಳಿತಿದ್ದಾಗ, ತಾನಾಗಿ ನಡೆಯುವ ಯಂತ್ರದಿಂದ. ಅಲ್ಲಿಯ ೧೨೦ ಎಂಬುದು ವೈದ್ಯನ ಎದುರಿನ ೧೨೦ ಅಲ್ಲವೆಂದು ಕೂಡಲೆ ಆಕ್ಷೇಪ ಹುಟ್ಟಿತು.

ಇಲ್ಲಿ ಹೇಲ್ಸನ ಕುದುರೆಯು ಹಿಂದಿರುಗುವುದು. ಅಳೆಯುವವನು ಬಂದನೆಂಬುದರಿಂದಲೇ ಒತ್ತಡವು ಏರುವುದೆಂದು ರೀವಾ ರೊಚ್ಚಿಯೇ ಎಚ್ಚರಿಸಿದ್ದನು. ೧೯೪೦ರಲ್ಲಿ ಬೋಸ್ಟನ್ನಿನ ಏಮನ್, ಗೋಲ್ಡ್‌ಷೈನ್ ಎಂಬವರು ಮನೆಯಲ್ಲಿ ಅಳೆದ ಅಂಕಿಗಳು ವೈದ್ಯಶಾಲೆಯ ಅಂಕಿಗಳಿಗಿಂತ ಬಹುಮಟ್ಟಿಗೆ ಕಡಮೆಯೆಂದು ತೋರಿಸಿದರು. ಅಳೆಯುವವರ ದೋಷವೂ ಉಂಟು: ಕಿವಿ ಕೇಳಿದುದು ೧೪೩ ಆದರೂ ಕೈ ೧೪೦ ಎಂದು ಬರೆಯುವುದು. ಸೊನ್ನೆಯ ಮೇಲಿನ ಈ ಮೋಹವು ಓಲೆಗರಿಯ ಲಿಪಿಕಾರನ ಅಭ್ಯಾಸಸ್ಖಲನವನ್ನು ಹೋಲುತ್ತದೆ. ಒಂದೇ ಪ್ರತಿಯನ್ನು ನಂಬಿ ಕಾವ್ಯವನ್ನು ಸಂಪಾದಿಸುವವನಿಗೂ ಒಂದೇ ಅಳತೆಯನ್ನು ನಂಬಿ ಆಯುಸ್ಸನ್ನು ಹೇಳುವವನಿಗೂ ಎದುರಾಗುವ ಕಷ್ಟ ಒಂದೇ ಜಾತಿಯದು. ಪಾಠಾಂತರಗಳು ಹೆಚ್ಚಾಗಿ ದೊರೆತಷ್ಟೂ ಮೂಲಕ್ಕೆ ಸಮೀಪ.

ಪಾಠಾಂತರಗಳನ್ನು ಕೂಡಿಸುವ ಯಂತ್ರವು ೧೯೬೦ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಸೊಂಟಕ್ಕೆ ಕಟ್ಟಿಕೊಂಡು ಓಡಾಡಬಹುದಾದ ಇದು ಇಪ್ಪತ್ತನಾಲ್ಕು ಗಂಟೆಯೂ, ಈಗಿನ ರೂಪದಲ್ಲಿ ನಿದ್ರೆಯಲ್ಲಿರುವಾಗಲೂ, ಆಗಾಗ್ಗೆ ತಾನೇ ಅಳೆದುಕೊಳ್ಳುವುದು. ೧೯೮೩ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪರ್ಲಾಫ್ ಮತ್ತು ಸಂಗಡಿಗರು ಸಾವಿರಕ್ಕೂ ಮಿಕ್ಕ ರೋಗಿಗಳನ್ನು ಅನುಸರಿಸಿ, ಓಡಾಟದ ಅಂಕಿಯು ವೈದ್ಯಶಾಲೆಯ ಅಂಕಿ ಸೂಚಿಸುವುದಕ್ಕಿಂತ ಹೆಚ್ಚಾಗಿರುವವರಿಗೆ ಅಪಾಯವೂ ಹೆಚ್ಚೆಂದು ಕಂಡರು. ಸ್ಪೇನ್ ದೇಶದಲ್ಲಿ ೨೦೦೪ರಿಂದ ೨೦೧೪ರವರೆಗೆ ಹೀಗೆ ಅಳೆಯಲ್ಪಟ್ಟ ೫೯,೧೨೪ ರೋಗಿಗಳ ಮರಣಗಳನ್ನು ಎಣಿಸಿ ೨೦೨೩ರಲ್ಲಿ ಪ್ರಕಟಿಸಿದ ಪ್ರಬಂಧವು ಇದನ್ನು ಇನ್ನೂ ಸ್ಪಷ್ಟಪಡಿಸಿದೆ. ಇಡೀ ದಿನದ ಒತ್ತಡವನ್ನು ತಿಳಿದ ಮೇಲೆ ವೈದ್ಯನೆದುರಿನ ಒತ್ತಡವು ಸಾವಿನ ವಿಷಯದಲ್ಲಿ ಹೊಸದಾಗಿ ಹೇಳುವುದು ಅತ್ಯಲ್ಪ. ವೈದ್ಯನ ಎದುರಿನಲ್ಲಿ ಮಾತ್ರ ಒತ್ತಡ ಏರುವವರಿಗೆ ಹೆಚ್ಚಿನ ಅಪಾಯವು ಕಂಡುಬರಲಿಲ್ಲ. ವೈದ್ಯನೆದುರಿನಲ್ಲಿ ಸರಿಯಾಗಿದ್ದು ಹೊರಗೆ ಏರುವವರಿಗೆ ಕಂಡುಬಂದಿತು. ಎಲ್ಲಕ್ಕಿಂತ ಹೆಚ್ಚು ಹೇಳಿದುದು ರಾತ್ರಿಯ ಅಂಕಿ, ಎಂದರೆ ಮನುಷ್ಯನು ನಿದ್ರೆಹೋಗಿ, ತನ್ನನ್ನು ಯಾರೋ ಅಳೆಯುತ್ತಿರುವರೆಂಬುದನ್ನು ಮರೆತಿರುವಾಗಿನ ಅಂಕಿ.

ಹಾಗಾದರೆ ಮದ್ದನ್ನು ರಾತ್ರಿಯೇ ನುಂಗಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಬ್ರಿಟನ್ನಿನಲ್ಲಿ ೨೧,೧೦೪ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ ೨೦೨೨ರಲ್ಲಿ ಫಲವನ್ನು ಪ್ರಕಟಿಸಿದರು. ಬೆಳಗ್ಗೆ ನುಂಗಿದವರಿಗೂ ರಾತ್ರಿ ನುಂಗಿದವರಿಗೂ ಹೃದಯಾಘಾತ, ಪಾರ್ಶ್ವವಾಯು, ಹೃದಯ ರಕ್ತನಾಳಗಳ ರೋಗದ ಮರಣ ಇವುಗಳಲ್ಲಿ ಅಂತರವೇನೂ ಕಾಣಲಿಲ್ಲ.